ಒಂದು ಕೆರೆ, ಒಂದು ವರ್ಷ: ಜೌಗುಪ್ರದೇಶ ಸಂರಕ್ಷಣೆಯಲ್ಲಿ ವೃತ್ತಿ ಕಟ್ಟಿಕೊಳ್ಳುವವರಿಗೆ ಮಾರ್ಗದರ್ಶಿ

ಪರಿಸರ ವಿಜ್ಞಾನದಲ್ಲೋ ಪ್ರಾಣಿಶಾಸ್ತ್ರದಲ್ಲೋ ಎಂ.ಎಸ್ಸಿ. ಮುಗಿಸಿದವರ ಅರ್ಜಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತವೆ: ಅಂಕಪಟ್ಟಿ, ಎರಡು ವಿಚಾರಸಂಕಿರಣಗಳ ಪ್ರಮಾಣಪತ್ರ, ಕೆರೆ ಸ್ವಚ್ಛತಾ ಅಭಿಯಾನದ ಒಂದು ಫೋಟೊ. ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಬೇಕಾದದ್ದು ಇದರಲ್ಲಿ ಸಿಗುವುದಿಲ್ಲ. ಇವರು ನೀರಿನ ಮಾದರಿ ತೆಗೆದರೆ ಆ ಅಂಕಿಯನ್ನು ನಂಬಬಹುದೇ? ಪಹಣಿ ಓದಲು ಬರುತ್ತದೆಯೇ? ಕೆರೆಯ ನೀರು ಹಂಚುವ ನೀರುಗಂಟಿಯ ಪಕ್ಕ ಕೂತು ಒಂದು ಗಂಟೆ ಮಾತು ಕೇಳಿಸಿಕೊಳ್ಳಬಲ್ಲರೇ? ಈ ಮೂರೂ ಪ್ರಶ್ನೆಗೆ ಒಟ್ಟಿಗೆ ಉತ್ತರ ಕೊಡುವ ದಾಖಲೆ ಒಂದೇ: ಒಂದು ಕೆರೆಯನ್ನು ಹನ್ನೆರಡು ತಿಂಗಳು ಬಿಡದೆ ನೋಡಿ ಬರೆದ ವರದಿ. ವಿದ್ಯಾರ್ಥಿಗಳಿಗೂ, ಬೇರೆ ಕೆಲಸದಿಂದ ಈ ಕಡೆ ಬರಬಯಸುವ ಎಂಜಿನಿಯರು, ರಸಾಯನಶಾಸ್ತ್ರಜ್ಞರಿಗೂ ಈ ಮಾತು ಅನ್ವಯಿಸುತ್ತದೆ. ಮುಂದಿನ ಹಂತಗಳೆಲ್ಲ ಆ ವರದಿಯ ಕಡೆಗೇ ಸಾಗುತ್ತವೆ.

ಕೆರೆ ಆರಿಸುವುದು

ಕರ್ನಾಟಕದಲ್ಲಿ ನಾಲ್ಕು ರಾಮ್ಸರ್ ತಾಣಗಳಿವೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಪಟ್ಟಿಗೆ ಸೇರಿದ ಜೌಗುಪ್ರದೇಶಗಳು. ರಂಗನತಿಟ್ಟು 2022ರಲ್ಲಿ ಪಟ್ಟಿ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ಸೇರಿದವು. ಹೊಸಬರ ಕಣ್ಣು ಮೊದಲು ಇವುಗಳ ಮೇಲೇ ಬೀಳುತ್ತದೆ. ಆದರೆ ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಮೊದಲ ವರ್ಷಕ್ಕೆ ನಿಮ್ಮೂರಿನ ಸಾಮಾನ್ಯ ಕೆರೆಯೇ ಒಳ್ಳೆಯದು.

ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪುವಂತಿರಲಿ. ಡಿಸೆಂಬರಿನಲ್ಲಿ ಹಕ್ಕಿ ನೋಡುವ ಹುರುಪಿನಲ್ಲಿ ದೂರದ ಕೆರೆ ಹಿಡಿದವರು ಏಪ್ರಿಲ್ ಬಿಸಿಲಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಕೆರೆ ಬತ್ತುವ ಆ ತಿಂಗಳುಗಳ ಅಂಕಿಗಳೇ ಬೇರೆ ಯಾರ ಬಳಿಯೂ ಇಲ್ಲದವು. ನೀರಿನ ಹರವು ಐದರಿಂದ ಐವತ್ತು ಹೆಕ್ಟೇರಿನೊಳಗಿದ್ದರೆ ಇಬ್ಬರು ಒಂದು ಬೆಳಗಿನಲ್ಲಿ ಸುತ್ತಿ ಮುಗಿಸಬಹುದು.

ಕಾಗದಪತ್ರ: ಈ ಕೆರೆ ಯಾರದು?

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಸಂರಕ್ಷಣೆಯ ಅರ್ಧ ಕೆಲಸ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತದೆ, ಆದ್ದರಿಂದ ಇದನ್ನು ಮೊದಲ ತಿಂಗಳಲ್ಲೇ ಮುಗಿಸಿ.

ದಿಶಾಂಕ್ ಆ್ಯಪ್ ತೆರೆದು ಕೆರೆ ಏರಿಯ ಮೇಲೆ ನಿಂತರೆ ಸರ್ವೆ ನಂಬರ್ ತಿಳಿಯುತ್ತದೆ. ಕೆರೆ ಅಂಗಳ ಎರಡು ಮೂರು ಸರ್ವೆ ನಂಬರುಗಳಲ್ಲಿ, ಕೆಲವೊಮ್ಮೆ ಎರಡು ಗ್ರಾಮಗಳಲ್ಲಿ ಹರಡಿರಬಹುದು. ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಪ್ರತಿ ನಂಬರಿನ ಪಹಣಿ, ಮೂಲ ಅಳತೆಯ ವಿಸ್ತೀರ್ಣ ಹೇಳುವ ಆಕಾರಬಂದ್, ಗ್ರಾಮ ನಕ್ಷೆ ಪಡೆಯಿರಿ. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯದಕ್ಕೂ ವ್ಯತ್ಯಾಸವಿದ್ದರೆ ಯಾವ ವರ್ಷದಿಂದ ಬಂತೆಂದು ಹಳೆಯ ಕೈಬರಹದ ಪಹಣಿಗಳಲ್ಲಿ ಹುಡುಕಬೇಕು. ರಾಜಕಾಲುವೆ ಹಾದುಹೋಗುವ ಜಾಗ ಖಾಸಗಿ ಸರ್ವೆ ನಂಬರಿನೊಳಗೆ 'ಬಿ' ಖರಾಬು ಎಂದು ದಾಖಲಾಗಿರಬಹುದು, ಅದು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ. ದಿಶಾಂಕ್ ತೋರಿಸುವ ಗಡಿ ಅಂದಾಜಿಗೆ ಮಾತ್ರ. ಅದರ ಮೇಲೆ ಒತ್ತುವರಿ ಆರೋಪ ಹೊರಿಸಬೇಡಿ. ಅಳತೆ ಸರ್ಕಾರಿ ಭೂಮಾಪಕರದೇ ಆಗಬೇಕು.

ಕೆರೆಯ ಹೊಣೆ ಯಾರದೆಂಬುದನ್ನು ಅಚ್ಚುಕಟ್ಟಿನ, ಅಂದರೆ ಕೆರೆಯಿಂದ ನೀರು ಪಡೆಯುವ ಜಮೀನಿನ, ಅಳತೆಯಿಂದ ಊಹಿಸಬಹುದು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳದ್ದು, 40ರಿಂದ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದ್ದು. ನಗರಗಳಲ್ಲಿ ಪಾಲಿಕೆ ಅಥವಾ ಅಭಿವೃದ್ಧಿ ಪ್ರಾಧಿಕಾರ, ಕೆಲವೆಡೆ ಅರಣ್ಯ ಇಲಾಖೆ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಐದು ವಿಷಯ ಸೇರಿಸಿ ಎರಡು ಪುಟ ಬರೆದರೆ ಅದೇ ಕಾರಣಕ್ಕೆ ತಿರಸ್ಕೃತವಾಗುತ್ತದೆ.

ಕಾನೂನಿನ ಒಂದು ಸೂಕ್ಷ್ಮ ಇಲ್ಲೇ ತಿಳಿದಿರಲಿ. 2017ರ ಜೌಗುಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣಾ ನಿಯಮಗಳ ವ್ಯಾಖ್ಯೆಯಿಂದ ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದೇ ಕಟ್ಟಿದ ಜಲಾಶಯಗಳು ಹೊರಗಿವೆ. ನಮ್ಮ ಕೆರೆಗಳಲ್ಲಿ ಬಹುಪಾಲು ನೀರಾವರಿಗೆಂದೇ ಕಟ್ಟಿದವು. ಅಧಿಸೂಚಿತ ಜೌಗುಪ್ರದೇಶಕ್ಕೆ ಸಿಗುವ ರಕ್ಷಣೆ, ಉದಾಹರಣೆಗೆ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡಕ್ಕೆ ಇರುವ ನಿಷೇಧ, ನಿಮ್ಮ ಕೆರೆಗೂ ಉಂಟೆಂದು ತಾನಾಗಿಯೇ ಭಾವಿಸಬೇಡಿ. ಸಂದರ್ಶನದಲ್ಲಿ ಈ ವ್ಯತ್ಯಾಸ ಹೇಳಬಲ್ಲ ಅಭ್ಯರ್ಥಿಗಳು ಕಡಿಮೆ.

ನಡೆದು ಬರೆಯುವ ನಕ್ಷೆ

ಮಳೆಗಾಲಕ್ಕೆ ಮೊದಲು ಏರಿಯ ಒಂದು ತುದಿಯಿಂದ ಹೊರಟು ಪೂರ್ತಿ ಸುತ್ತಿ. ನೀರು ಒಳಬರುವ ಪ್ರತಿ ಕಾಲುವೆ, ಕೊಳಚೆ ಸೇರುವ ಪ್ರತಿ ಪೈಪು, ತೂಬು, ಕೋಡಿ, ಏರಿಯಲ್ಲಿ ನೀರು ಜಿನುಗುವ ಜಾಗ, ಮರ ಬೇರೂರಿದ ಜಾಗ, ದನ ಇಳಿಯುವ ಕಡೆ ಎಲ್ಲವನ್ನೂ ಫೋನಿನ ಜಿಪಿಎಸ್‌ನಲ್ಲಿ ಗುರುತಿಸಿ. ಮೊದಲ ದೊಡ್ಡ ಮಳೆಯ ದಿನ ಇದೇ ಸುತ್ತನ್ನು ಮತ್ತೊಮ್ಮೆ ಹಾಕಿ. ಬೇಸಿಗೆಯಲ್ಲಿ ಕಾಣದ ಎರಡು ಕಾಲುವೆ ಅವತ್ತು ಕಾಣುತ್ತವೆ, ಕಾಲುವೆ ಎಂದುಕೊಂಡದ್ದು ಎಲ್ಲಿ ಮುಚ್ಚಿಹೋಗಿದೆ ಎಂಬುದೂ ಕಾಣುತ್ತದೆ.

ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಸಾಕು, ಅದು ಉಚಿತ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಉಚಿತ: 10 ಮೀಟರ್ ಸೂಕ್ಷ್ಮತೆ, ಸುಮಾರು ಐದು ದಿನಕ್ಕೊಂದು ಚಿತ್ರ. ಹಸಿರು ಪಟ್ಟಿ ಅಂದರೆ ಬಿ3, ಸಮೀಪ ಅವಕೆಂಪು ಪಟ್ಟಿ ಅಂದರೆ ಬಿ8. ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ಬರುತ್ತದೆ, ಸಾಮಾನ್ಯವಾಗಿ ಸೊನ್ನೆಗಿಂತ ಹೆಚ್ಚಿದ್ದರೆ ನೀರು. ಕಲಿಯುವವರು ಎಡವುವುದು ಇಲ್ಲೇ. ನೇರಳೆ ಹೂವಿನ ಅಂತರಗಂಗೆ ಮುಚ್ಚಿದ ನೀರು ಈ ಲೆಕ್ಕದಲ್ಲಿ ಗಿಡವಾಗಿ, ಅಂದರೆ ಒಣ ನೆಲದಂತೆ ಕಾಣುತ್ತದೆ. 'ಕೆರೆ ಅರ್ಧ ಕುಗ್ಗಿದೆ' ಎಂದು ಬರೆದವರು ಏರಿ ಮೇಲೆ ನಿಂತು ನೋಡಿದರೆ ಅಲ್ಲಿ ಕಳೆ ಹಬ್ಬಿರುತ್ತದೆ, ಕೆಳಗೆ ನೀರು ತುಂಬಿಯೇ ಇರುತ್ತದೆ. ಪ್ರತಿ ನಕ್ಷೆಯ ಜೊತೆ ಆ ವಾರದ್ದೇ ಒಂದು ಫೋಟೊ ಇಡಿ.

ನೀರಿನ ಅಂಕಿ ನಂಬುವಂತಿರಬೇಕು

ಬೇಕಾದ ಸಾಮಾನು: ಗಾಜಿನ ಬಿರಡೆಯ 300 ಮಿ.ಲೀ. ಬಿಓಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಬಾಟಲಿ ಆರು, ಒಂದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಮೂರು, ಪಿಎಚ್ ಮತ್ತು ವಿದ್ಯುದ್ವಾಹಕತೆ ಅಳೆಯುವ ಕೈಮೀಟರು, ಥರ್ಮಾಮೀಟರು, ಐಸ್‌ಪೆಟ್ಟಿಗೆ, ಸೆಕಿ ತಟ್ಟೆ. ಕೊನೆಯದನ್ನು ನೀವೇ ಮಾಡಿಕೊಳ್ಳಬಹುದು. 20 ಸೆಂ.ಮೀ. ಅಗಲದ ತಗಡಿನ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಳಿದು, ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ ಐದು ಸೆಂಟಿಮೀಟರಿಗೊಂದು ಗುರುತು ಹಾಕಿ. ಇಳಿಸುವಾಗ ಮರೆಯಾದ ಆಳ, ಎತ್ತುವಾಗ ಕಂಡ ಆಳ, ಎರಡರ ಸರಾಸರಿಯೇ ಪಾರದರ್ಶಕತೆ. ತಂಪುಕನ್ನಡಕ ತೆಗೆದು, ನೆರಳಿರುವ ಬದಿಯಿಂದ ನೋಡಿ.

ಪಿಎಚ್ ಮೀಟರನ್ನು ಹೊರಡುವ ದಿನ ಬೆಳಿಗ್ಗೆಯೇ 7.0 ಮತ್ತು 9.2ರ ಬಫರಿನಲ್ಲಿ ಸರಿಹೊಂದಿಸಿ. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಪಿಎಚ್ ಒಂಬತ್ತನ್ನು ದಾಟಬಹುದು, 4 ಮತ್ತು 7ರ ನಡುವೆ ಹೊಂದಿಸಿದ ಮೀಟರು ಅಲ್ಲಿ ಸರಿಯಾಗಿ ಓದುವುದಿಲ್ಲ.

ಕನಿಷ್ಠ ಮೂರು ಜಾಗ: ನೀರು ಒಳಬರುವ ಕಡೆ, ಆಳದ ಭಾಗ, ಕೋಡಿ ಅಥವಾ ತೂಬಿನ ಬಳಿ. ಮೇಲ್ಪದರದಿಂದ ಸುಮಾರು 30 ಸೆಂ.ಮೀ. ಕೆಳಗಿನ ನೀರು ತೆಗೆಯಿರಿ. ದಡದ ಪಾಚಿಯೂ ಬೇಡ, ಕಲಕಿದ ಹೂಳೂ ಬೇಡ. ತಿಂಗಳಿಗೊಮ್ಮೆ ಸಾಕು, ಜೊತೆಗೆ ಮೊದಲ ಮಳೆಯ ಮರುದಿನ ಒಂದು ಹೆಚ್ಚುವರಿ ಸುತ್ತು.

ಕರಗಿದ ಆಮ್ಲಜನಕವನ್ನು ವಿಂಕ್ಲರ್ ವಿಧಾನದಲ್ಲೇ ಕಲಿಯಿರಿ. ಮೀಟರು ಕೆಟ್ಟ ದಿನ ಕೈಹಿಡಿಯುವುದು ಇದೇ. ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು, ಗುಳ್ಳೆ ಬಾರದಂತೆ ತುಂಬಿಸಿ, ಒಳಗೇ ಬಿರಡೆ ಹಾಕಿ. ಬಕೆಟ್ಟಿನಲ್ಲಿ ಎತ್ತಿ ಬಾಟಲಿಗೆ ಸುರಿದರೆ ಗಾಳಿ ಬೆರೆತು, ಸತ್ತ ನೀರೂ ಆರೋಗ್ಯವಂತ ನೀರಿನಂತೆ ಅಂಕಿ ಕೊಡುತ್ತದೆ. ದಡದಲ್ಲೇ ಪಿಪೆಟ್ಟಿನ ತುದಿಯನ್ನು ನೀರಿನೊಳಗಿಟ್ಟು 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 2 ಮಿ.ಲೀ. ಕ್ಷಾರೀಯ ಅಯೋಡೈಡ್-ಅಜೈಡ್ ಸೇರಿಸಿ, ಬಿರಡೆ ಹಾಕಿ ತಲೆಕೆಳಗು ಮಾಡಿ ಕಲಕಿ. ಕಂದು ಗಷ್ಟು ಬಂದರೆ ಆಮ್ಲಜನಕವಿದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಗಷ್ಟು ಅರ್ಧಕ್ಕಿಳಿದ ಮೇಲೆ 2 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿ ಪೂರ್ತಿ ಕರಗಿಸಿ. ಪ್ರಯೋಗಾಲಯದಲ್ಲಿ ಇದರ 203 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ. ತಿಳಿ ಹುಲ್ಲಿನ ಬಣ್ಣಕ್ಕೆ ಬಂದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿ ಮಾಯವಾಗುವವರೆಗೆ ಮುಂದುವರಿಸಿ. ಬಳಸಿದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. 200ರ ಬದಲು 203 ಏಕೆಂದರೆ, ಮೊದಲ ಎರಡು ರಾಸಾಯನಿಕ ಹಾಕುವಾಗ ಹೊರಚೆಲ್ಲಿದ 4 ಮಿ.ಲೀ. ಮಾದರಿಗೆ ಅದು ಸರಿದೂಗಿಸುವ ಲೆಕ್ಕ. ಥಯೋಸಲ್ಫೇಟ್ ಇಟ್ಟಲ್ಲೇ ದುರ್ಬಲವಾಗುತ್ತದೆ, ಆದ್ದರಿಂದ ಪ್ರತಿ ಸುತ್ತಿಗೂ ಅದರ ಬಲ ಪರೀಕ್ಷಿಸಿ. ಅಜೈಡ್ ವಿಷಕಾರಿ, ಆಮ್ಲ ಸುಡುತ್ತದೆ. ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಕೆಲಸ ಬೇಡ. ಉಳಿದ ದ್ರವವನ್ನು ಕೆರೆಗೆ ಚೆಲ್ಲದೆ ಪ್ರಯೋಗಾಲಯಕ್ಕೇ ವಾಪಸು ತನ್ನಿ.

ಸಮಯ ಬರೆಯದ ಆಮ್ಲಜನಕದ ಅಂಕಿಗೆ ಬೆಲೆಯಿಲ್ಲ. ಕೊಳಚೆ ಸೇರುವ ಕೆರೆಯಲ್ಲಿ ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಮುಗಿಸುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಡಬಲ್ಲದ್ದು ಲೀಟರಿಗೆ ಸುಮಾರು 8.3 ಮಿ.ಗ್ರಾಂ, ಬೆಂಗಳೂರಿನ ಎತ್ತರದಲ್ಲಿ ಸುಮಾರು 7.4. ಮಧ್ಯಾಹ್ನ ಎರಡಕ್ಕೆ 14 ಬಂದರೆ ಅದು ಪಾಚಿಯ ಅಬ್ಬರವೇ ಹೊರತು ಆರೋಗ್ಯದ ಗುರುತಲ್ಲ. ಅದೇ ಕೆರೆಯಲ್ಲಿ ಬೆಳಗಿನ ಜಾವ ಒಂದಕ್ಕೂ ಕಡಿಮೆ ಇರಬಹುದು, ಮೀನು ಸಾಯುವುದು ಆಗ. ಮೂರು ತಿಂಗಳಿಗೊಮ್ಮೆಯಾದರೂ ಒಂದೇ ದಿನ ಸೂರ್ಯೋದಯಕ್ಕೆ ಮೊದಲು ಒಂದು, ಮಧ್ಯಾಹ್ನ ಒಂದು ಅಳತೆ ತೆಗೆಯಿರಿ. ಇಡೀ ವರದಿಯಲ್ಲಿ ಓದುವವರ ಕಣ್ಣು ನಿಲ್ಲುವ ಪುಟ ಇದಾಗುತ್ತದೆ.

ಬಿಓಡಿಯನ್ನು ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುವುದು ರೂಢಿ, ವಿದೇಶಿ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ ಐದು ದಿನ. ಯಾವುದೆಂದು ವರದಿಯಲ್ಲಿ ಬರೆಯಿರಿ. ಕೊನೆಯಲ್ಲಿ ಕನಿಷ್ಠ 1 ಮಿ.ಗ್ರಾಂ ಆಮ್ಲಜನಕ ಉಳಿದಿರಬೇಕು, ಕನಿಷ್ಠ 2 ಮಿ.ಗ್ರಾಂ ಖರ್ಚಾಗಿರಬೇಕು. ಇಲ್ಲದಿದ್ದರೆ ಮಾದರಿಗೆ ನೀರು ಬೆರೆಸಿ ತೆಳುವಾಗಿಸಿದ ಪ್ರಮಾಣ ತಪ್ಪಾಗಿದೆ. ನೈಟ್ರೇಟ್, ಫಾಸ್ಫೇಟ್, ಕೋಲಿಫಾರ್ಮ್‌ಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಹತ್ತು ಮಾದರಿಗೆ ಒಂದನ್ನು ಎರಡು ಬಾಟಲಿಯಲ್ಲಿ, ಬೇರೆ ಬೇರೆ ಗುರುತಿನಿಂದ ಕಳಿಸಿ. ಎರಡರ ಉತ್ತರ ಹತ್ತಿರವಿದ್ದರೆ ಉಳಿದ ಒಂಬತ್ತನ್ನೂ ನಂಬಬಹುದು.

ಹೋಲಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಎ ಇಂದ ಇ ವರೆಗಿನ ವರ್ಗೀಕರಣ ಬಳಸಿ. ವನ್ಯಜೀವಿ, ಮೀನುಗಾರಿಕೆಗೆ ಯೋಗ್ಯವಾದ ಡಿ ವರ್ಗಕ್ಕೆ ಆಮ್ಲಜನಕ 4 ಮಿ.ಗ್ರಾಂ ಅಥವಾ ಹೆಚ್ಚು, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2 ಮಿ.ಗ್ರಾಂ ಅಥವಾ ಕಡಿಮೆ ಇರಬೇಕು.

ಹಕ್ಕಿ, ಗಿಡ

ಪ್ರತಿ ತಿಂಗಳೂ ಅದೇ ಎರಡು ಮೂರು ಜಾಗದಲ್ಲಿ, ಸೂರ್ಯೋದಯದ ನಂತರದ ಎರಡು ಗಂಟೆಯೊಳಗೆ, ಅಷ್ಟೇ ಹೊತ್ತು ನಿಂತು ಎಣಿಸಿ. 8×42 ದುರ್ಬೀನು ಸಾಕು. ಹಕ್ಕಿ ಎಣಿಕೆ ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಹಾಕುವಾಗ ಸಂಖ್ಯೆಯನ್ನೇ ಬರೆಯಿರಿ, 'ಇತ್ತು' ಎಂಬ ಗುರುತು ಮಾತ್ರ ಹಾಕಿದರೆ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಏನೂ ಕಾಣದ ದಿನದ ಸೊನ್ನೆಯೂ ಮಾಹಿತಿಯೇ. ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದದ್ದು. ನಿಮ್ಮ ಕೆರೆಯನ್ನು ಅದಕ್ಕೆ ಸೇರಿಸಿ. ಹಿರಿಯ ಎಣಿಕೆಗಾರರ ಜೊತೆ ಒಂದು ಬೆಳಗು ಕಳೆದರೆ ಸಾವಿರ ಬಾತುಗಳ ಹಿಂಡನ್ನು ಹತ್ತು ಹತ್ತಾಗಿ ಅಂದಾಜಿಸುವುದು ಹೇಗೆಂದು ಕಣ್ಣಿಗೆ ಹತ್ತುತ್ತದೆ.

ಗಿಡಗಳಲ್ಲಿ ಜೊಂಡು ಎಷ್ಟು ಹಬ್ಬಿದೆ, ಅಂತರಗಂಗೆ ಎಷ್ಟು ಭಾಗ ಮುಚ್ಚಿದೆ ಎಂಬ ತಿಂಗಳ ಅಂದಾಜು ಮತ್ತು ಅದೇ ಕೋನದ ಫೋಟೊ ಸಾಕು.

ಜನರ ಲೆಕ್ಕ

ನೀರುಗಂಟಿ, ಮೀನು ಗುತ್ತಿಗೆದಾರರು, ಬಟ್ಟೆ ಒಗೆಯುವವರು, ದನ ಕಾಯುವವರು, ಜೊಂಡು ಕುಯ್ಯುವವರು, ಅಚ್ಚುಕಟ್ಟಿನ ರೈತರು. ಇವರಲ್ಲಿ ಪ್ರತಿ ಗುಂಪಿನ ಮೂವರೊಡನೆಯಾದರೂ ಮಾತಾಡಿ. ಪ್ರಶ್ನಾವಳಿ ಹಿಡಿದು ಹೋದರೆ ಮಾತು ಕಟ್ಟಿಹೋಗುತ್ತದೆ. 'ಕೋಡಿ ಕೊನೆಯ ಸಲ ಬಿದ್ದದ್ದು ಯಾವಾಗ?' ಎಂದು ಶುರುಮಾಡಿ. ಯಾರ ಮದುವೆಯ ವರ್ಷ, ಯಾವ ಚುನಾವಣೆಯ ವರ್ಷ ಎಂದು ಅವರೇ ನೆನಪಿಸಿಕೊಳ್ಳುತ್ತಾರೆ, ನೀವು ಆಮೇಲೆ ಮಳೆ ದಾಖಲೆಯೊಂದಿಗೆ ತಾಳೆ ನೋಡಿ. ತೂಬು ಎತ್ತುವ ಅಧಿಕಾರ ಯಾರದು, ಬೇಸಿಗೆಯಲ್ಲಿ ಮೀನಿಗೆಂದು ಎಷ್ಟು ನೀರು ಉಳಿಸಬೇಕೆಂಬ ಒಪ್ಪಂದ ಇದೆಯೇ ಎಂದೂ ಕೇಳಿ. ಹಕ್ಕಿಗಳ ಅಳಿವು ಉಳಿವು ಅನೇಕ ಕಡೆ ಆ ಒಪ್ಪಂದದ ಮೇಲೆ ನಿಂತಿರುತ್ತದೆ.

ಅಘನಾಶಿನಿಯಂಥ ಅಳಿವೆಯಲ್ಲಿ ಈ ಭಾಗವೇ ಮುಖ್ಯ ಅಧ್ಯಯನವಾಗಬೇಕು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತ, ಕಾಂಡ್ಲಾ ಗಿಡಗಳು, ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ ದುಡಿಮೆ, ಎಲ್ಲವೂ ಉಬ್ಬರ-ಇಳಿತದ ಗಡಿಯಾರಕ್ಕೆ ನಡೆಯುತ್ತವೆ. ಇಳಿತದ ಸಮಯ ನೋಡದೆ ಹೊರಟರೆ ದಿನವೇ ಹಾಳು.

ಎಂಜಿನಿಯರಿಂಗ್ ಹಿನ್ನೆಲೆಯವರಿಗೆ

ನಿಮ್ಮ ಬೆಲೆ ಇರುವುದು ನೀರಿನ ಲೆಕ್ಕದಲ್ಲಿ. ಒಂದು ಉದಾಹರಣೆ: 20 ಹೆಕ್ಟೇರ್ ಹರವು, ಸರಾಸರಿ ಆಳ 1.5 ಮೀಟರ್ ಇರುವ ಕೆರೆ ಹಿಡಿಯುವುದು 3 ಲಕ್ಷ ಘನಮೀಟರ್. ಜಲಾನಯನ 400 ಹೆಕ್ಟೇರ್, ಮಳೆ 500 ಮಿ.ಮೀ., ಅದರಲ್ಲಿ ಶೇ. 10 ಹರಿದು ಬರುತ್ತದೆ ಎಂದಿಟ್ಟುಕೊಂಡರೆ ಒಳಹರಿವು 2 ಲಕ್ಷ ಘನಮೀಟರ್. ಅಂದರೆ ಸಾಮಾನ್ಯ ವರ್ಷದಲ್ಲಿ ಕೆರೆ ತುಂಬುವುದೇ ಇಲ್ಲ. ಇಲ್ಲಿ ಇನ್ನೊಂದು ಮೀಟರ್ ಹೂಳೆತ್ತುವುದಕ್ಕಿಂತ ಮುಚ್ಚಿಹೋದ ಕಾಲುವೆ ಬಿಡಿಸುವುದು ಮೇಲು. ಈ ಲೆಕ್ಕವಿಲ್ಲದ ಯೋಜನಾ ವರದಿಗಳು ಬಹಳ ಇವೆ.

ಹೂಳೆತ್ತಲೇಬೇಕಾದಲ್ಲಿ ಏರಿಯ ಒಳಬುಡದ ಹತ್ತಿರ ಅಗೆಯಬಾರದು, ಏರಿ ಕುಸಿಯುತ್ತದೆ. ತಳದ ಜೇಡಿ ಪದರ ಒಡೆದರೆ ನೀರು ನಿಲ್ಲುವುದಿಲ್ಲ. ಇಡೀ ಕೆರೆಯನ್ನು ಬೋಗುಣಿಯಂತೆ ಕೆತ್ತಿ, ಸುತ್ತ ಕಲ್ಲು ಕಟ್ಟಿ, ನಡಿಗೆ ಹಾದಿ ಮಾಡಿದರೆ ಮೊಣಕಾಲುದ್ದದ ನೀರಿನಲ್ಲಿ ಮೇಯುವ ಹಕ್ಕಿಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಹಿನ್ನೀರಿನ ಕಡೆ ಇಳಿಜಾರನ್ನು ಹಾಗೇ ಉಳಿಸಿ.

ವರದಿ, ಆಮೇಲೆ ಅರ್ಜಿ

ಹದಿನೈದು ಪುಟ ಮೀರಬೇಡಿ. ನಕ್ಷೆ, ದಾಖಲೆಗಳ ಕೋಷ್ಟಕ, ನೀರು, ಹಕ್ಕಿ, ಜನ, ಕೊನೆಗೆ ಈ ಕೆರೆಗೆ ಮೊದಲು ಮಾಡಬೇಕಾದ ಮೂರು ಕೆಲಸ. ವಿಚಿತ್ರ ಅಂಕಿಗಳನ್ನು ಅಳಿಸದೆ ಗುರುತು ಹಾಕಿ ಉಳಿಸಿ. ಇಂಗ್ಲಿಷ್ ವರದಿಯ ಜೊತೆ ಎರಡು ಪುಟದ ಕನ್ನಡ ಸಾರಾಂಶ ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ನೀವು ಓದುಗರನ್ನು ಬಲ್ಲಿರಿ ಎಂಬುದಕ್ಕೆ ಆ ಸ್ವೀಕೃತಿಯೇ ಸಾಕ್ಷಿ.

ಸಂಶೋಧನೆಯ ದಾರಿಯಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಜೀವವಿಜ್ಞಾನಗಳ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್ಸಿ., ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಮಂಗಳೂರಿನ ಮೀನುಗಾರಿಕೆ ಕಾಲೇಜು, ಕುವೆಂಪು ವಿಶ್ವವಿದ್ಯಾಲಯಗಳಿಂದಲೂ ಈ ಕ್ಷೇತ್ರಕ್ಕೆ ಬರಬಹುದು. ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಮುಗಿಸಿದ ಕಿರಿಯ ಸಂಶೋಧನಾ ಫೆಲೋಗಳಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ. ನಿಗದಿಯಾಗಿದೆ, ಹಿರಿಯರಿಗೆ 42,000.

ಭಾರತೀಯ ಅರಣ್ಯ ಸೇವೆ ಗುರಿಯಾಗಿದ್ದರೆ ಪದವಿಗೆ ಸೇರುವಾಗಲೇ ಎಚ್ಚರ. ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನ, ಭೂವಿಜ್ಞಾನ, ಗಣಿತ, ಭೌತ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಒಂದಾದರೂ ಪದವಿಯ ವಿಷಯವಾಗಿರಬೇಕು, ಅಥವಾ ಕೃಷಿ, ಅರಣ್ಯ, ಎಂಜಿನಿಯರಿಂಗ್ ಪದವಿ ಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಪರಿಸರ ಪರಿಣಾಮ ಅಧ್ಯಯನ ಮಾಡುವ ಸಲಹಾ ಸಂಸ್ಥೆಗಳಿಗೆ ಅವುಗಳ ಅರ್ಹತೆ ಪರಿಶೀಲಿಸುವ ನ್ಯಾಬೆಟ್ ಮಂಡಳಿಯ ಮಾನ್ಯತೆ ಬೇಕು, ಅಲ್ಲಿ ಪರಿಸರ-ಜೀವವೈವಿಧ್ಯ, ಜಲಮಾಲಿನ್ಯ ಮುಂತಾದ ವಿಷಯಗಳಿಗೆ ಪ್ರತ್ಯೇಕ ತಜ್ಞರಿರುತ್ತಾರೆ. ಒಂದೇ ಋತುವಿನ ಮಾಹಿತಿಯಿಂದ ವರ್ಷದ ಮಾತಾಡುವಂತೆ ಒತ್ತಡ ಬಂದರೆ ಸಹಿ ಹಾಕಬೇಡಿ. ಸಹಿ ಯಾರದೋ ಹೊಣೆ ಅವರದೇ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ಕೆರೆ ಕೆಲಸಗಳಲ್ಲಿ ಉದ್ಯೋಗ ಬೇಗ ಸಿಗುತ್ತದೆ, ಹಣ ಮುಗಿದಾಗ ಬೇಗ ಹೋಗುತ್ತದೆ. ಕಾಮಗಾರಿ ಮುಗಿದ ಮೇಲಿನ ಮೂರು ವರ್ಷದ ನಿಗಾ ಯಾರದು ಎಂದು ಸೇರುವ ಮೊದಲೇ ಕೇಳಿ.

ಮೇಷ್ಟರು, ಸಂಸ್ಥೆಗಳು ಮಾಡಬೇಕಾದದ್ದು

ವಿದ್ಯಾರ್ಥಿಯನ್ನು ಒಬ್ಬರನ್ನೇ ಕೆರೆಗೆ ಕಳಿಸಬೇಡಿ, ಕನಿಷ್ಠ ಇಬ್ಬರಿರಲಿ. ತೆಪ್ಪ, ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಕೊಳಚೆ ನೀರಿಗೆ ಇಳಿಯುವವರಿಗೆ ಗಂಬೂಟು, ಕೈಗವಸು, ಧನುರ್ವಾಯು ಚುಚ್ಚುಮದ್ದು. ಗಾಯವಿದ್ದ ದಿನ ನೀರು ಮುಟ್ಟಬಾರದು. ಮಾದರಿ ತೆಗೆದ ಒಂದೆರಡು ವಾರದಲ್ಲಿ ಜ್ವರ ಬಂದರೆ ಇಲಿಜ್ವರದ ಸಾಧ್ಯತೆಯನ್ನು ವೈದ್ಯರಿಗೆ ತಿಳಿಸುವಂತೆ ಹೇಳಿಡಿ.

ಬಸ್ಸಿನ ಖರ್ಚು, ಊಟ, ರಾಸಾಯನಿಕಗಳ ಹಣ ಮುಂಗಡವಾಗಿ ಕೊಡಿ. ಬಿಲ್ಲು ತಂದಮೇಲೆ ಕೊಡುತ್ತೇವೆ ಎಂಬ ಪದ್ಧತಿಯಲ್ಲಿ ಉಳಿಯುವವರು ಕೈಯಲ್ಲಿ ಕಾಸಿರುವವರು ಮಾತ್ರ, ಕೆರೆಯ ಪಕ್ಕದ ಊರಿನಿಂದಲೇ ಬಂದ ಮಕ್ಕಳು ಮೊದಲು ಹೊರಬೀಳುತ್ತಾರೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಆರು ತಿಂಗಳು ಇಡುವುದು ತಪ್ಪು. ಹೆಣ್ಣುಮಕ್ಕಳಿಗೆ ಹತ್ತಿರದ ಶಾಲೆ ಅಥವಾ ಪಂಚಾಯಿತಿಯಲ್ಲಿ ಶೌಚಾಲಯ ಬಳಸಲು ಮೊದಲೇ ಮಾತಾಡಿಡಿ. ಮಾಹಿತಿ ಸಂಗ್ರಹಿಸಿದವರ ಹೆಸರು ವರದಿಯ ಮುಖಪುಟದಲ್ಲೇ ಇರಬೇಕು.

ಹನ್ನೊಂದನೆಯ ತಿಂಗಳಲ್ಲಿ ಮುಂದಿನ ತಂಡದ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ನೀರಿನ ಮಟ್ಟದ ಗುರುತು, ಫೋಟೊ ತೆಗೆಯುವ ನಾಲ್ಕು ಜಾಗ, ಹಕ್ಕಿ ಎಣಿಸುವ ಬಂಡೆ, ನೀರುಗಂಟಿಯ ಮನೆ, ಎಲ್ಲವನ್ನೂ ನಡೆದೇ ತೋರಿಸಿ. ಆ ದಿನದ ಅಳತೆಯನ್ನು ಎರಡೂ ತಂಡ ಬೇರೆ ಬೇರೆಯಾಗಿ ತೆಗೆದು, ಸಂಜೆ ಕೂತು ಹೋಲಿಸಿ. ವ್ಯತ್ಯಾಸ ಬಂದರೆ ಕಾರಣ ಸಿಗುವವರೆಗೆ ಕೀಲಿಕೈ ಮತ್ತು ದಾಖಲೆ ಪುಸ್ತಕ ಹಸ್ತಾಂತರಿಸಬೇಡಿ.